ಮಾವನ ಮನೆಯ ಮೇಲಿಂದ ಪಡುವಣಕ್ಕೆ

ಮೂಡಣ ಪ್ರಾದೇಶಿಕ ವಿಮಾನ ನಿಲ್ದಾಣಕ್ಕೂ ಪಡುವಣ ಪ್ರಾದೇಶಿಕ ವಿಮಾನ ನಿಲ್ದಾಣಕ್ಕೂ ನಡುವಿನ ದೂರ ಮುನ್ನೂರ ಹನ್ನೆರಡು ಕಿಲೋಮೀಟರ್. ಇದು ಕಡತದಲ್ಲಿದೆ. ಕಡತ ಕಬ್ಬಿಣದ ಬೀರುವಿನಲ್ಲಿದೆ, ಬೀರುವಿನ ಬೀಗದ ಕೈ ಅಳತೆ ಗುಮಾಸ್ತರ ಒಳಜೇಬಿನಲ್ಲಿದೆ. ಆಕಾಶದಲ್ಲಿ ನೇರವಾಗಿ ಗೆರೆ ಎಳೆದರೆ ಅದೇ ದೂರ ನೂರ ಇಪ್ಪತ್ತು ಕಿಲೋಮೀಟರ್ ಆಗುತ್ತದೆಂದು ಶಾಲೆಯ ಭೂಪಟ ನೋಡಿದ ಕೆಲವರು ಆಡಿಕೊಳ್ಳುವುದುಂಟು. ಆದರೆ ಭೂಪಟಕ್ಕೆ ಯಾರ ಸಹಿಯೂ ಇಲ್ಲವಾದ್ದರಿಂದ ಇಲಾಖೆ ಆ ಮಾತನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ.

ಅಳತೆ ಗುಮಾಸ್ತರು ವೈಮಾನಿಕ ಅಂತರ ನಿರ್ಧಾರಣಾ ವಿಭಾಗದ ಏಕೈಕ ಸಿಬ್ಬಂದಿ. ವಿಭಾಗಕ್ಕೆ ಮಂಜೂರಾದ ಹುದ್ದೆಗಳು ಒಂಬತ್ತು. ಉಳಿದ ಎಂಟು ಹುದ್ದೆಗಳಿಗೆ ಕುರ್ಚಿಗಳು ಬಂದಿವೆ, ಮನುಷ್ಯರು ಬಂದಿಲ್ಲ. ಮೂಡಣ ನಿಲ್ದಾಣದ ಎರಡನೆಯ ಮಹಡಿಯಲ್ಲಿ, ಎಂಟು ಖಾಲಿ ಕುರ್ಚಿಗಳ ನಡುವೆ, ರನ್‌ವೇ ಕಾಣುವ ಕಿಟಕಿಯ ಪಕ್ಕ ಅವರು ಇಪ್ಪತ್ತೇಳು ವರ್ಷದಿಂದ ಕೂತಿದ್ದಾರೆ. ಕಣ್ಣಾರೆ ಕಂಡ ಅಂಕಿಯನ್ನಷ್ಟೇ ಬರೆಯುವುದು ಅವರ ಸ್ವಭಾವ. ಮದುವೆಯಾದ ಹೊಸದರಲ್ಲಿ ಹೆಂಡತಿ, ನನ್ನನ್ನು ಎಷ್ಟು ಇಷ್ಟಪಡುತ್ತೀರಿ ಎಂದು ಕೇಳಿದ್ದಕ್ಕೆ, ಅಳತೆಯ ಸಾಧನ ಯಾವುದೆಂದು ಮೊದಲು ತೀರ್ಮಾನವಾಗಬೇಕು ಎಂದಿದ್ದರಂತೆ. ಆಕೆ ಆ ಪ್ರಶ್ನೆಯನ್ನು ಮತ್ತೆ ಎತ್ತಲಿಲ್ಲ.

ಮುನ್ನೂರ ಹನ್ನೆರಡು ಹುಟ್ಟಿದ್ದು ಹೀಗೆ. ಮೂವತ್ತು ವರ್ಷದ ಹಿಂದೆ, ಎರಡೂ ನಿಲ್ದಾಣಗಳು ಇನ್ನೂ ಕಲ್ಲು ನೆಟ್ಟ ಬಯಲಾಗಿದ್ದಾಗ, ಗುಮಾಸ್ತರಿಗಿಂತ ಹಿಂದಿನ ಅಳತೆ ಅಧಿಕಾರಿಯೊಬ್ಬರನ್ನು ದೂರ ಅಳೆದು ಬರಲು ಕಳಿಸಲಾಯಿತು. ಇಲಾಖೆಯಲ್ಲಿ ವಿಮಾನವಿರಲಿಲ್ಲ, ಜೀಪಿತ್ತು. ಜೀಪಿಗೆ ಮೀಟರಿತ್ತು. ಅಧಿಕಾರಿಗಳು ಬೆಳಗ್ಗೆ ಮೂಡಣ ಬಿಟ್ಟು ಮಧ್ಯಾಹ್ನಕ್ಕೆ ಪಡುವಣದ ಬಯಲು ಮುಟ್ಟಿದರು. ಊಟದ ಹೊತ್ತು. ಬಯಲಲ್ಲಿ ಊಟವೆಲ್ಲಿ? ಮುಂದೆ ಎಪ್ಪತ್ತೆಂಟು ಕಿಲೋಮೀಟರ್ ಹೋದರೆ ಅವರ ಮಾವನ ಮನೆ. ಹೋದರು, ಉಂಡರು, ಒಂದು ನಿದ್ದೆ ತೆಗೆದರು. ಮಾವನವರು ಜನ್ಮದಲ್ಲಿ ಜೀಪು ಹತ್ತಿದವರಲ್ಲವಾದ್ದರಿಂದ ಅವರನ್ನು ಕೂರಿಸಿಕೊಂಡು ಊರ ಸುತ್ತ ಹತ್ತು ಕಿಲೋಮೀಟರ್ ತಿರುಗಿಸಿದರು. ಸಂಜೆ ಪಡುವಣಕ್ಕೆ ಮರಳಿ, ಜೀಪು ನಿಲ್ಲಿಸಿ, ಮೀಟರ್ ನೋಡಿ, ಮುನ್ನೂರ ಹನ್ನೆರಡು ಎಂದು ಬರೆದರು. ಲಾಗ್ ಪುಸ್ತಕದಲ್ಲಿ ಏನನ್ನೂ ಮುಚ್ಚಿಡಲಿಲ್ಲ. ಊಟ, ವಿಶ್ರಾಂತಿ, ಮಾವನವರ ತಿರುಗಾಟ, ಎಲ್ಲವೂ ಅದರಲ್ಲಿದೆ. ಮೇಲಿನವರು ಮೊತ್ತವನ್ನು ನೋಡಿ ಸಹಿ ಹಾಕಿದರು.

ಆರು ವರ್ಷದ ಹಿಂದೆ ಕೊನೆಗೂ ವಿಮಾನ ಬಂತು. ಇಪ್ಪತ್ತು ಸೀಟಿನದು, ಗಂಟೆಗೆ ಮುನ್ನೂರು ಕಿಲೋಮೀಟರ್ ಹೋಗುವಂಥದ್ದು. ಪೈಲಟ್ ಹೊಸಬರು, ಲೋಕ ತಿಳಿಯದವರು. ಬೆಳಗ್ಗೆ ಹತ್ತಕ್ಕೆ ಹೊರಟು ಹತ್ತು ಇಪ್ಪತ್ತನಾಲ್ಕಕ್ಕೆ ಪಡುವಣದಲ್ಲಿ ಇಳಿದೇಬಿಟ್ಟರು. ಅಲ್ಲಿ ಯಾರೂ ಇರಲಿಲ್ಲ. ಏಣಿ ತರುವವನು ತಿಂಡಿಗೆ ಹೋಗಿದ್ದ, ಬಾಗಿಲು ತೆಗೆಯುವವರು ಬಾಗಿಲು ಹಾಕಿಕೊಂಡು ಮಲಗಿದ್ದರು. ದಾಖಲೆಯ ಪ್ರಕಾರ ವಿಮಾನ ಇನ್ನೂ ಆಕಾಶದಲ್ಲಿದ್ದುದರಿಂದ ಪ್ರಯಾಣಿಕರನ್ನು ಮೂವತ್ತೆಂಟು ನಿಮಿಷ ಒಳಗೇ ಕೂರಿಸಲಾಯಿತು. ಮರುದಿನ ಪೈಲಟ್‌ಗೆ ನೋಟಿಸು ಹೋಯಿತು.

"ಮುನ್ನೂರ ಹನ್ನೆರಡು ಕಿಲೋಮೀಟರನ್ನು ಇಪ್ಪತ್ತನಾಲ್ಕು ನಿಮಿಷದಲ್ಲಿ ಕ್ರಮಿಸಿದ ತಾವು ಗಂಟೆಗೆ ಏಳುನೂರ ಎಂಬತ್ತು ಕಿಲೋಮೀಟರ್ ವೇಗದಲ್ಲಿ ಚಲಿಸಿರುವುದು ಕಂಡುಬಂದಿರುತ್ತದೆ. ವಿಮಾನದ ಗರಿಷ್ಠ ವೇಗ ಮುನ್ನೂರೇ ಆಗಿರುವುದರಿಂದ, ಉಳಿದ ನಾನೂರ ಎಂಬತ್ತನ್ನು ತಾವು ಎಲ್ಲಿಂದ ತಂದಿರಿ ಎಂಬ ಬಗ್ಗೆ ಏಳು ದಿನದೊಳಗಾಗಿ ಲಿಖಿತ ವಿವರಣೆ ನೀಡತಕ್ಕದ್ದು."

ದೂರವೇ ನೂರ ಇಪ್ಪತ್ತು ಎಂದು ಪೈಲಟ್ ಉತ್ತರ ಬರೆದರು. ಅದನ್ನು ಉದ್ಧಟತನವೆಂದು ದಾಖಲಿಸಿಕೊಳ್ಳಲಾಯಿತು. ಆದರೂ ವಿಷಯ ಬಂದ ಮೇಲೆ ನೋಡಬೇಕಲ್ಲ ಎಂದು ಅಳತೆ ಗುಮಾಸ್ತರು ಬೀರು ತೆಗೆದು, ಹಳೆಯ ಲಾಗ್ ಪುಸ್ತಕ ಹುಡುಕಿ, ನಿರ್ದೇಶಕರ ಮುಂದಿಟ್ಟರು. ನಿರ್ದೇಶಕರು ಯಾರಿಗೂ ಇಲ್ಲ ಎಂದವರಲ್ಲ. ಎಲ್ಲದಕ್ಕೂ ಆಗಲಿ ಎನ್ನುವವರು, ಆಮೇಲೆ ಒಂದು ಕಾಗದ ಕೇಳುವವರು. ಅವರು ಪುಸ್ತಕವನ್ನು ಎರಡು ಸಲ ಓದಿ, ಈಗ ದಿವಂಗತರಾಗಿರುವ ಆ ಅಳತೆ ಅಧಿಕಾರಿಯ ಪ್ರಾಮಾಣಿಕತೆಯನ್ನು ಹೊಗಳಿದರು. ಒಂದೇ ಒಂದು ಸುಳ್ಳಿಲ್ಲ, ಹೋದ ಕಡೆಯೆಲ್ಲ ಬರೆದಿದ್ದಾರೆ, ಇಷ್ಟು ಸ್ಪಷ್ಟವಾದ ದಾರಿ ಇರುವಾಗ ಪೈಲಟ್ ದಾರಿ ತಪ್ಪಿದ್ದು ಹೇಗೆ ಎಂದರು. ಅದೇ ವಾರ ಸುತ್ತೋಲೆ ಹೊರಟಿತು.

"ವಿಮಾನವು ಮೂಡಣದಿಂದ ಹೊರಟು, ಪಡುವಣದ ಮೇಲೆ ಇಳಿಯದೆ ಹಾದು, ದಿವಂಗತ ಅಳತೆ ಅಧಿಕಾರಿಗಳ ಮಾವನವರ ಊರನ್ನು ತಲುಪಿ, ಅಲ್ಲಿ ಊಟ, ವಿಶ್ರಾಂತಿ ಹಾಗೂ ಮಾವನವರ ಬಾಬ್ತು ಅಗತ್ಯವಿದ್ದಷ್ಟು ಸುತ್ತು ಹಾಕಿ, ಮರಳಿ ಪಡುವಣಕ್ಕೆ ಬಂದು ಇಳಿಯತಕ್ಕದ್ದು. ಹಾರಾಟದ ಅವಧಿ ಒಂದು ಗಂಟೆ ಎರಡು ನಿಮಿಷ. ಇದಕ್ಕಿಂತ ಬೇಗ ತಲುಪಿದ ವಿಮಾನವನ್ನು ತಲುಪಿಲ್ಲವೆಂದು ಪರಿಗಣಿಸತಕ್ಕದ್ದು."

ಯಾರಿಗೂ ತಕರಾರಿರಲಿಲ್ಲ. ಟಿಕೆಟ್ ದರ ಕಿಲೋಮೀಟರ್ ಲೆಕ್ಕದ್ದು, ಕಂಪನಿಗೆ ಹಿತವಾಯಿತು. ಪೈಲಟ್ ಭತ್ಯೆ ಗಂಟೆ ಲೆಕ್ಕದ್ದು, ಅವರ ಉದ್ಧಟತನ ತಾನಾಗಿ ಇಳಿಯಿತು. ಒಂದು ಗಂಟೆ ಮೀರಿದ ಹಾರಾಟಕ್ಕೆ ಚಹಾ, ಬಿಸ್ಕತ್ತು ಕೊಡಬೇಕೆಂಬ ನಿಯಮವಿತ್ತು, ಪ್ರಯಾಣಿಕರೂ ಸುಮ್ಮನಾದರು. ಹತ್ತಿದ ಕೂಡಲೇ ಇಳಿಸಿದರೆ ವಿಮಾನದಲ್ಲಿ ಹೋಗಿ ಬಂದೆ ಎಂದು ಹೇಳಿಕೊಳ್ಳಲೂ ನಾಚಿಕೆ ಎಂಬುದು ಅವರ ಅಂಬೋಣ.

ಹೀಗೆ ಎಲ್ಲ ಸುಸೂತ್ರವಾಗಿ ನಡೆಯುತ್ತಿರುವಾಗ ಅಳತೆ ಗುಮಾಸ್ತರ ಮಗಳು ಬಸುರಿಯಾದಳು. ಒಬ್ಬಳೇ ಮಗಳು, ಚೊಚ್ಚಲ ಬಸಿರು, ಗಂಡನ ಜೊತೆ ಇರುವುದು ಪಡುವಣದಲ್ಲಿ. ಗುಮಾಸ್ತರ ಹೆಂಡತಿ ಏಳನೆಯ ತಿಂಗಳಿಗೇ ಗಂಟುಮೂಟೆ ಕಟ್ಟಿಕೊಂಡು ಮಗಳ ಮನೆ ಸೇರಿದ್ದಳು. ಮಗಳಿಗೆ ಚಿಕ್ಕಂದಿನಿಂದ ಆಸ್ಪತ್ರೆಯೆಂದರೆ ಕೈಕಾಲು ನಡುಕ. ಸೂಜಿ ಚುಚ್ಚಿಸಿಕೊಳ್ಳುವಾಗಲೆಲ್ಲ ಅಪ್ಪನ ಹೆಬ್ಬೆರಳನ್ನು ಹಿಡಿದುಕೊಳ್ಳುವ ಹುಡುಗಿ ಅವಳು. ಒಂದು ದಿನ ಫೋನಿನಲ್ಲಿ ಕೇಳಿದಳು.

"ಅಪ್ಪಾ, ಹೆರಿಗೆ ಕೋಣೆ ಒಳಗೆ ಹೋಗೋಕೆ ಮುಂಚೆ ನೀನು ಬಂದುಬಿಡಬೇಕು. ಆಮೇಲೆ ಬಂದ್ರೆ ನಂಗೆ ಪ್ರಯೋಜನ ಇಲ್ಲ."

ಬರುತ್ತೇನೆ ಎಂದು ಗುಮಾಸ್ತರು ಮಾತು ಕೊಟ್ಟರು. ಅಳತೆಯಿಲ್ಲದೆ ಅವರು ಆಡಿದ ಮೊದಲ ಮಾತು ಅದು.

ಮಾತು ಕೊಟ್ಟ ಮೇಲೆ ದಾರಿ ನೋಡಿದರು. ಬಸ್ಸಿನಲ್ಲಿ ಹೋಗೋಣವೆಂದರೆ ನಡುವೆ ನದಿ, ನದಿಯ ಸೇತುವೆ ಬಿದ್ದು ಮೂರು ವರ್ಷ. ಸೇತುವೆ ವಿಭಾಗದವರು ಅದು ಬಿದ್ದಿದೆಯೆಂದು ಇನ್ನೂ ಒಪ್ಪಿಲ್ಲ. ಸೇತುವೆ ಇದೆ, ಸದ್ಯಕ್ಕೆ ನಿಂತ ಸ್ಥಿತಿಯಲ್ಲಿಲ್ಲ ಎಂಬುದು ಅವರ ಅಧಿಕೃತ ನಿಲುವು. ಹಾಗಾಗಿ ಬಸ್ಸು ಸುತ್ತಿ ಬಳಸಿ ಹನ್ನೊಂದು ಗಂಟೆ ತೆಗೆದುಕೊಳ್ಳುತ್ತದೆ. ಮೊದಲೇ ಹೋಗಿ ಕೂರೋಣವೆಂದರೆ ರಜೆಯಿಲ್ಲ. ಇಲಾಖೆಯಲ್ಲಿ ಅಜ್ಜತನದ ರಜೆ ಎಂಬುದೊಂದುಂಟು, ಒಂದು ದಿನದ್ದು. ಆದರೆ ಅದು ನೋವು ಶುರುವಾಗಿದೆಯೆಂದು ವೈದ್ಯರು ಬರೆದುಕೊಟ್ಟ ಮೇಲಷ್ಟೇ ಜಾರಿಗೆ ಬರುತ್ತದೆ. ನಿರೀಕ್ಷೆಯ ಮೇಲೆ ಯಾರನ್ನೂ ಅಜ್ಜನೆಂದು ಪರಿಗಣಿಸತಕ್ಕದ್ದಲ್ಲ ಎಂದು ನಿಯಮದಲ್ಲಿ ದಪ್ಪ ಅಕ್ಷರದಲ್ಲಿದೆ.

ಉಳಿದದ್ದು ವಿಮಾನ. ದಿನಕ್ಕೊಂದೇ, ಬೆಳಗ್ಗೆ ಹತ್ತಕ್ಕೆ. ನೇರ ಹೋದರೆ ಇಪ್ಪತ್ತನಾಲ್ಕು ನಿಮಿಷ, ಮಾವನ ಮನೆಯ ಮೇಲಿಂದ ಹೋದರೆ ಅರವತ್ತೆರಡು. ಈ ಮೂವತ್ತೆಂಟು ನಿಮಿಷ ಗುಮಾಸ್ತರ ಗಂಟಲಲ್ಲಿ ಸಿಕ್ಕಿಕೊಂಡಿತು. ಆರು ವರ್ಷ ಪ್ರತಿದಿನ ಹತ್ತೊಂಬತ್ತು ಇಪ್ಪತ್ತು ಜನರ ಮೂವತ್ತೆಂಟು ನಿಮಿಷ ಮಾವನವರಿಗೆ ಸಂದಾಯವಾಗಿದ್ದರೂ ಅವರಿಗೆ ಅದು ತಪ್ಪೆನಿಸಿರಲಿಲ್ಲ. ಈಗ ಅನಿಸಿತು. ಮನುಷ್ಯ ಎಷ್ಟೇ ಪ್ರಾಮಾಣಿಕನಾದರೂ ತನ್ನ ಕಾಲಿಗೆ ಮುಳ್ಳು ಚುಚ್ಚಿದಾಗಲೇ ದಾರಿ ಗುಡಿಸುವುದು.

ದೂರವನ್ನು ತಿದ್ದಬೇಕೆಂದು ಅವರು ಟಿಪ್ಪಣಿ ಮಂಡಿಸಿದರು. ನಿರ್ದೇಶಕರು ಆಗಲಿ ಎಂದು, ನಿಯಮ ಹದಿನೇಳನ್ನು ತೆಗೆದು ತೋರಿಸಿದರು. ಮರು ಅಳತೆಯನ್ನು ಮೂಲ ಅಳತೆಯ ವಿಧಾನದಲ್ಲೇ ಮಾಡತಕ್ಕದ್ದು. ಎಂದರೆ ಅದೇ ಜೀಪು, ಅದೇ ದಾರಿ.

ಜೀಪು ನಿಲ್ದಾಣದ ಹಿಂದೆ ಮರದಡಿ ನಿಂತಿತ್ತು, ಮಾಲಿ ಅದರಲ್ಲಿ ಗೊಬ್ಬರ ತುಂಬಿಟ್ಟಿದ್ದ. ಗೊಬ್ಬರ ಇಳಿಸಿ, ಟೈರು ಹಾಕಿಸಿ, ನಿವೃತ್ತನಾಗಿದ್ದ ಹಳೆಯ ಡ್ರೈವರನ್ನೇ ಕರೆಸಲಾಯಿತು. ಅವನಿಗೆ ಈಗ ಎಪ್ಪತ್ತೆರಡು. ಕಣ್ಣು ಮಂಜಾಗಿತ್ತು, ನೆನಪು ಮಾತ್ರ ಚೂರೂ ಮಾಸಿರಲಿಲ್ಲ. ಇಲ್ಲಿ ಸಾಹೇಬರು ಇಳಿದು ಕಾಲು ಚಾಚಿದ್ದರು, ನೀವೂ ಚಾಚಿ ಎನ್ನುತ್ತಿದ್ದ. ಗುಮಾಸ್ತರು ಇಳಿದು ಚಾಚುತ್ತಿದ್ದರು. ಇಲ್ಲಿ ಸಾಹೇಬರು ಸಿಗರೇಟು ಸೇದಿದ್ದರು ಎಂದ. ತಾವು ಸೇದುವವರಲ್ಲವೆಂದು ಗುಮಾಸ್ತರು ಅಷ್ಟು ಹೊತ್ತು ಸುಮ್ಮನೆ ನಿಂತು, ಅದನ್ನು ಷರಾದಲ್ಲಿ ಬರೆದುಕೊಂಡರು.

ನದಿಯ ದಂಡೆಗೆ ಬಂದಾಗ ಸೇತುವೆ ನಿಂತ ಸ್ಥಿತಿಯಲ್ಲಿಲ್ಲದಿರುವುದು ಇಬ್ಬರಿಗೂ ಕಂಡಿತು. ನದಿಯ ಅಗಲವನ್ನು ಬರೆದುಕೊಂಡು ಆಚೆ ದಡದಿಂದ ಲೆಕ್ಕ ಮುಂದುವರಿಸೋಣವೇ ಎಂದು ಗುಮಾಸ್ತರು ಒಂದು ಕ್ಷಣ ಯೋಚಿಸಿದರು. ಆದರೆ ಚಕ್ರ ಉರುಳದ ದೂರವನ್ನು ಬರೆದರೆ ಇಪ್ಪತ್ತೇಳು ವರ್ಷದ ಸೇವೆ ನೀರು ಪಾಲು. ಜೀಪು ನದಿಗುಂಟ ಮೇಲಕ್ಕೆ ಹೋಗಿ, ಮೇಲಿನ ಹಳೆಯ ಸೇತುವೆ ದಾಟಿ, ಮತ್ತೆ ಕೆಳಗಿಳಿದು ಬರಬೇಕಾಯಿತು. ಈ ಸುತ್ತೊಂದೇ ಇನ್ನೂರ ಇಪ್ಪತ್ತೆಂಟು ಕಿಲೋಮೀಟರ್. ಮೀಟರಿನ ಅಂಕಿ ಏರುವುದನ್ನು ನೋಡುತ್ತ ಗುಮಾಸ್ತರ ಮುಖ ಇಳಿಯಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗುತ್ತಿದೆ ಎಂದು ಅವರಿಗೆ ಅಲ್ಲೇ ಗೊತ್ತಾಗಿತ್ತು.

ಮರುದಿನ ಪಡುವಣದ ಬೀದಿಯಲ್ಲಿ ಮಗಳ ಮನೆಯ ಮುಂದೆಯೇ ದಾರಿ. ತುಂಬಿದ ಹೊಟ್ಟೆ ಹೊತ್ತು ಮಗಳು ಗೇಟಿನಲ್ಲಿ ಕಾಯುತ್ತಿದ್ದಳು, ಪಕ್ಕದಲ್ಲಿ ಹೆಂಡತಿ. ಆದರೆ ಮೂಲ ಅಳತೆಯಲ್ಲಿ ಅಲ್ಲಿ ಜೀಪು ನಿಂತ ದಾಖಲೆಯಿರಲಿಲ್ಲ. ಡ್ರೈವರ್ ಜೀಪನ್ನು ನಡಿಗೆಯ ವೇಗಕ್ಕೆ ಇಳಿಸಿದ, ಅವಳು ಜೊತೆಗೆ ನಾಲ್ಕು ಹೆಜ್ಜೆ ನಡೆದು ಕಿಟಕಿಯಲ್ಲಿ ನೀರಿನ ಬಾಟಲಿ ಕೊಟ್ಟಳು. ಮಾತು ಮರೀಬೇಡಪ್ಪ ಎಂದಳು. ಹೆಂಡತಿ ಮಾತ್ರ ನಡೆಯಲಿಲ್ಲ. ಮಗಳ ಮನೆ ಮುಂದೆ ನಿಲ್ಲಿಸೋಕಾಗದವರು ಯಾರದೋ ಮಾವನ ಮನೇಲಿ ಊಟಕ್ಕೆ ಹೊರಟಿದ್ದಾರೆ ಎಂದು ಅಕ್ಕಪಕ್ಕದವರಿಗೆ ಕೇಳುವ ಹಾಗೆ ಹೇಳಿದಳು.

ಆ ಊಟವನ್ನಾದರೂ ಬಿಟ್ಟುಬಿಡೋಣವೆಂದು ಗುಮಾಸ್ತರು ಲೆಕ್ಕ ಹಾಕಿದ್ದರು. ಆದರೆ ದಿವಂಗತ ಅಧಿಕಾರಿಯ ಭಾವಮೈದ, ಈಗ ತಾನೂ ಮುದುಕನಾಗಿರುವವನು, ಊರ ಬಾಗಿಲಲ್ಲಿ ಬಿಳಿ ಅಂಗಿ ತೊಟ್ಟು ಕಾಯುತ್ತಿದ್ದ. ಎಲೆ ಹಾಕಿಸಿ ಪಕ್ಕದಲ್ಲೇ ಕೂತು ಬಡಿಸಿದ. ಅವನ ಅಪ್ಪ ಸಾಯುವವರೆಗೂ ಜೀಪಿನ ಮಾತೇ ಆಡುತ್ತಿದ್ದನಂತೆ. ಈಗ ದಿನಾ ವಿಮಾನ ಬಂದು ಸುತ್ತು ಹಾಕುವುದು ನೋಡಿದರೆ ಭಾವನೇ ಬಂದು ಹೋದ ಹಾಗಾಗುತ್ತದಂತೆ. ಊರಿನ ಶಾಲೆಯಲ್ಲಿ ಗಡಿಯಾರ ಕೊಳ್ಳುವುದನ್ನೇ ಬಿಟ್ಟಿದ್ದಾರೆ, ವಿಮಾನ ಬಂದಾಗ ಗಂಟೆ ಹೊಡೆಯುತ್ತಾರೆ.

"ನೀವು ತಿದ್ದೋಕೆ ಬಂದಿದೀರಿ ಅಂತ ಕೇಳಿದೆ," ಎಂದ ಮುದುಕ. "ತಿದ್ದಿ, ಬೇಡ ಅನ್ನಲ್ಲ. ನಮ್ಮಪ್ಪನ ಒಂದು ಸುತ್ತು ಮಾತ್ರ ಬಿಟ್ಟುಬಿಡಿ."

ಉಂಡ ಮನೆಯ ಲೆಕ್ಕ ತೆಗೆದುಹಾಕಲು ಗುಮಾಸ್ತರಿಗೆ ಮನಸ್ಸಾಗಲಿಲ್ಲ. ಮೇಲಾಗಿ ಚಕ್ರ ಅಲ್ಲಿಯವರೆಗೆ ನಿಜವಾಗಿಯೂ ಉರುಳಿತ್ತು. ಮಾವನವರು ಇಲ್ಲದ ಕಾರಣ ಅವರ ಸ್ಥಾನದಲ್ಲಿ ಈ ಮುದುಕನನ್ನೇ ಕೂರಿಸಿ ಹತ್ತು ಕಿಲೋಮೀಟರ್ ತಿರುಗಿಸಿದರು. ಪಡುವಣಕ್ಕೆ ಬಂದು ಮೀಟರ್ ನೋಡಿದಾಗ ಐನೂರ ನಲವತ್ತು. ಬರೆದರು. ಕೆಳಗೆ, ಈ ಅಳತೆ ನಿಜ, ಆದರೆ ಇದು ದೂರವಲ್ಲ, ದೂರ ನೂರ ಇಪ್ಪತ್ತೆಂದು ನನ್ನ ಅಭಿಪ್ರಾಯ ಎಂದು ಬೇರೆ ಟಿಪ್ಪಣಿಯನ್ನೂ ಲಗತ್ತಿಸಿದರು. ಅಂಕಿ ಅದೇ ವಾರ ಜಾರಿಗೆ ಬಂತು. ಅಭಿಪ್ರಾಯ ಮೇಲಿನ ಸಮಿತಿಗೆ ಹೋಯಿತು.

ಹೊಸ ಸುತ್ತೋಲೆಯಲ್ಲಿ ಒಂದು ಸಾಲು ಹೆಚ್ಚಾಗಿತ್ತು. "ಸೇತುವೆಯಿಲ್ಲದ ಜಾಗದಲ್ಲಿ ನದಿ ದಾಟುವುದು ಅಪಾಯಕರವೆಂದು ಮರು ಅಳತೆಯಿಂದ ತಿಳಿದುಬಂದಿರುವುದರಿಂದ, ವಿಮಾನವು ನದಿಗುಂಟ ಸಾಗಿ ಮೇಲಿನ ಸೇತುವೆಯ ಮುಖಾಂತರವೇ ನದಿಯನ್ನು ದಾಟತಕ್ಕದ್ದು." ಅವಧಿ ಒಂದು ಗಂಟೆ ನಲವತ್ತೆಂಟು ನಿಮಿಷವಾಯಿತು. ಚಹಾದ ಜೊತೆ ಬಾಳೆಹಣ್ಣನ್ನೂ ಕೊಡಲು ಆದೇಶವಾಯಿತು. ಐನೂರು ದಾಟಿದ ಊರು ಎಂದು ಪಡುವಣದ ವ್ಯಾಪಾರಿಗಳ ಸಂಘ ಗುಮಾಸ್ತರಿಗೆ ಅಭಿನಂದನೆಯ ಪತ್ರ ಕಳಿಸಿತು. ದೂರದ ಊರಿನ ಸರಕಿಗೆ ಬೆಲೆಯೇ ಬೇರೆ ಎಂದು ಅದರಲ್ಲಿ ಬರೆದಿತ್ತು.

ಹನ್ನೆರಡು ದಿನ ಕಳೆದು ಬೆಳಗ್ಗೆ ಎಂಟಕ್ಕೆ ಹೆಂಡತಿಯ ಫೋನು ಬಂತು. ನೋವು ಶುರುವಾಗಿದೆ, ಆಸ್ಪತ್ರೆಗೆ ಬಂದಿದ್ದೇವೆ, ಹೆರಿಗೆ ಕೋಣೆಗೆ ಕರೆದುಕೊಂಡು ಹೋಗೋದು ಹನ್ನೊಂದು ಹನ್ನೊಂದೂವರೆ ಆಗಬಹುದಂತೆ, ಹೊರಡಿ ಎಂದಳು. ವೈದ್ಯರ ಚೀಟಿಯನ್ನು ಅಳಿಯ ಕಳಿಸಿದ. ನಿರ್ದೇಶಕರು ಆಗಲಿ ಎಂದು, ಒಂಬತ್ತೂವರೆಗೆ ಗುಮಾಸ್ತರನ್ನು ಅಜ್ಜತನದ ರಜೆಗೆ ಬಿಟ್ಟರು. ಹತ್ತಕ್ಕೆ ಗುಮಾಸ್ತರು ಕಿಟಕಿಯ ಪಕ್ಕದ ಸೀಟಿನಲ್ಲಿದ್ದರು. ನೇರ ಹೋಗಿದ್ದರೆ ಹತ್ತು ಇಪ್ಪತ್ತನಾಲ್ಕಕ್ಕೆ ಇಳಿಯುವವರು. ತಾವು ತಿದ್ದಲು ಹೋಗದೆ ಸುಮ್ಮನಿದ್ದಿದ್ದರೂ ಹನ್ನೊಂದು ಎರಡಕ್ಕೆ. ಈಗ ಹನ್ನೊಂದು ನಲವತ್ತೆಂಟು. ಈ ಮೂರು ಅಂಕಿಗಳನ್ನು ಅವರು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಕೂಡಿ ಕಳೆದರು. ಯಾವ ರೀತಿಯಲ್ಲಿ ಕಳೆದರೂ ಕೊನೆಗೆ ತಮ್ಮ ಸಹಿಯೇ ಉಳಿಯುತ್ತಿತ್ತು.

ವಿಮಾನ ನದಿಯ ದಂಡೆಗೆ ಬಂದು, ಎಡಕ್ಕೆ ತಿರುಗಿ, ಶಿಸ್ತಿನಿಂದ ಮೇಲಿನ ಸೇತುವೆಯವರೆಗೆ ಹೋಗಿ, ಸೇತುವೆಯ ಮೇಲೆಯೇ ನದಿಯನ್ನು ದಾಟಿತು. ಹನ್ನೊಂದು ಹತ್ತಕ್ಕೆ ಪಡುವಣ ಕಾಣಿಸಿತು. ಗುಮಾಸ್ತರು ಸೀಟಿನ ಪಟ್ಟಿ ಬಿಚ್ಚಿ, ಮುಂದೆ ಹೋಗಿ, ಪೈಲಟ್ ಕೂರುವಲ್ಲಿನ ಪರದೆ ಸರಿಸಿದರು. ಅದೇ ಹಳೆಯ ಪೈಲಟ್. ಮಗಳ ವಿಷಯ ಹೇಳಿ, ಒಂದೇ ಒಂದು ಸಲ ಇಲ್ಲೇ ಇಳಿಸಿಬಿಡಿ ಎಂದು ಕೇಳಿಕೊಂಡರು.

"ಸಾರ್, ನಂಗೂ ಹೆಣ್ಣುಮಕ್ಕಳಿದ್ದಾರೆ," ಎಂದು ಪೈಲಟ್ ಸುತ್ತೋಲೆಯನ್ನು ತೆಗೆದು ತೋರಿಸಿದರು. "ಆದ್ರೆ ಇದು ನಿಮ್ಮದೇ ಅಳತೆ. ಇಲ್ಲೇ ತಿದ್ದಿ ಸಹಿ ಹಾಕಿ, ಈಗಲೇ ಇಳಿಸ್ತೀನಿ."

ಗುಮಾಸ್ತರು ಪೆನ್ನು ತೆಗೆದರು. ಮುಚ್ಚಳ ಬಿಚ್ಚಿದರು. ಆಮೇಲೆ ಕೈ ನಿಂತಿತು. ಒಂಬತ್ತೂವರೆಯಿಂದ ತಾವು ರಜೆಯ ಮೇಲಿರುವುದು ನೆನಪಾಯಿತು, ರಜೆಯಲ್ಲಿರುವವನ ಸಹಿ ಸಹಿಯಲ್ಲ. ಪೈಲಟ್ ತಲೆಯಾಡಿಸಿ, ಪಾಪ, ಅದೂ ಹೌದು ಎಂದರು.

ಸೀಟಿಗೆ ಮರಳಿ ಕಿಟಕಿಯಲ್ಲಿ ನೋಡಿದಾಗ ಕೆಳಗೆ ಆಸ್ಪತ್ರೆ. ಮೂರು ಮಹಡಿಯ ಹಳದಿ ಕಟ್ಟಡ, ತಾರಸಿಯ ಮೇಲೆ ನೀರಿನ ಟ್ಯಾಂಕು, ಟ್ಯಾಂಕಿನ ಪಕ್ಕ ಹಸಿರು ಶಾಲು ಹೊದ್ದ ಒಬ್ಬ ಹೆಂಗಸು ಫೋನು ಕಿವಿಗಿಟ್ಟು ಆಕಾಶ ನೋಡುತ್ತಿದ್ದಳು. ಆ ಶಾಲನ್ನು ಕೊಡಿಸಿದ್ದು ಅವರೇ, ಎರಡೂಕಾಲು ಮೀಟರ್. ಇಲ್ಲೇ ಇದ್ದೇನೆ ಕಣೇ ಎಂದು ಗಾಜಿಗೆ ಬಾಯಿಟ್ಟು ಹೇಳಿದರು. ಪಕ್ಕದವರು ಬಾಳೆಹಣ್ಣು ಸುಲಿಯುತ್ತ, ಯಾರಾದರೂ ಗುರುತಿನವರೇ ಎಂದು ವಿಚಾರಿಸಿದರು. ಅಷ್ಟರಲ್ಲಿ ಆಸ್ಪತ್ರೆ ಹಿಂದಕ್ಕೆ ಸರಿದು, ವಿಮಾನ ಮಾವನವರ ಊರಿನ ಕಡೆ ಹೊರಟಿತ್ತು.

ಅಲ್ಲಿ ಊಟದ ಸುತ್ತು, ವಿಶ್ರಾಂತಿಯ ಸುತ್ತು, ಮಾವನವರ ಸುತ್ತು ಒಂದೂ ಬಿಡದೆ ನಡೆದವು. ಕೆಳಗೆ ಶಾಲೆಯ ಮಕ್ಕಳು ಗಂಟೆಯಾಯಿತೆಂದು ಹೊರಗೆ ಓಡಿಬಂದರು. ಬಿಳಿ ಅಂಗಿಯ ಮುದುಕ ಅಂಗಳದಲ್ಲಿ ನಿಂತು ಎರಡೂ ಕೈ ಎತ್ತಿ ಬೀಸಿದ. ಗುಮಾಸ್ತರಿಗೆ ಅವನ ಮೇಲೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಅವರ ಕೈಯೂ ಗಾಜಿನ ಹಿಂದೆ ಒಂದಿಷ್ಟು ಎದ್ದಿತು.

ಹನ್ನೆರಡು ಗಂಟೆಗೆ ಅವರು ಆಸ್ಪತ್ರೆಯ ಮೆಟ್ಟಿಲು ಹತ್ತಿದಾಗ ಎಲ್ಲ ಮುಗಿದಿತ್ತು. ಮಗಳನ್ನು ಹನ್ನೊಂದೂ ಇಪ್ಪತ್ತೈದಕ್ಕೆ ಒಳಗೆ ಕರೆದುಕೊಂಡು ಹೋಗಿದ್ದರು, ಹನ್ನೊಂದೂ ನಲವತ್ತಕ್ಕೆ ಹೆಣ್ಣು ಮಗು ಹುಟ್ಟಿತ್ತು. ಹೆಂಡತಿ ಬಾಗಿಲಲ್ಲೇ ತಡೆದಳು.

"ಏನ್ರೀ ನೀವು? ಅವಳು ಅಪ್ಪ ಅಪ್ಪ ಅಂತ ಕೊನೇ ತನಕ ಬಾಗಿಲು ನೋಡ್ತಾನೇ ಒಳಗೆ ಹೋದ್ಲು. ಹನ್ನೊಂದು ಗಂಟೆ ಹೊತ್ತಿಗೆ ಒಂದು ವಿಮಾನ ತಲೆ ಮೇಲೇ ಹೋಯ್ತು. ಅದರಲ್ಲಾದ್ರೂ ಬರಬಾರದಿತ್ತಾ?"

"ಅದರಲ್ಲೇ ಬಂದೆ," ಎಂದರು ಗುಮಾಸ್ತರು.

ಹೆಂಡತಿ ಅವರನ್ನು ಮೇಲಿನಿಂದ ಕೆಳಗೆ ನೋಡಿದಳು. ಮೂವತ್ತು ವರ್ಷ ಸಂಸಾರ ಮಾಡಿದವಳು, ಮುಂದಕ್ಕೆ ಕೇಳಲಿಲ್ಲ. ಮಗಳ ಕೋಣೆಯ ಕಡೆ ಕೈ ತೋರಿಸಿದಳು.

ಮಗಳು ದಿಂಬಿಗೆ ಒರಗಿದ್ದಳು, ಮುಖ ಬಾಡಿತ್ತು, ಕಣ್ಣು ಹೊಳೆಯುತ್ತಿತ್ತು. ಗುಮಾಸ್ತರು ಮಂಚದ ಪಕ್ಕ ಬಂದು ನಿಂತರು. ಹೆಬ್ಬೆರಳನ್ನು ಮುಂದೆ ಚಾಚಿದರು. ಅವಳು ಹಿಡಿದುಕೊಂಡಳು.

"ಎಷ್ಟು ದೂರ ಆಗುತ್ತಪ್ಪ ಅಲ್ಲಿಂದ?"

ನೂರ ಇಪ್ಪತ್ತು ಎಂಬುದು ನಾಲಿಗೆಯ ತುದಿಗೆ ಬಂತು. ಆದರೆ ಅದು ಅಭಿಪ್ರಾಯ. "ಐನೂರ ನಲವತ್ತು ಕಿಲೋಮೀಟರಮ್ಮ."

"ಅಯ್ಯೋ ಪಾಪ," ಎಂದಳು ಮಗಳು. "ಅಷ್ಟು ದೂರದಿಂದ ಬೆಳಗ್ಗೆ ಹೊರಟು ಬಂದ್ಯಾ? ಕೂತ್ಕೋ."

ಐನೂರ ನಲವತ್ತು ಎಂದು ಕೇಳಿದ ನರ್ಸ್ ತಾನೇ ಕುರ್ಚಿ ತಂದು ಹಾಕಿದಳು. ಅಳಿಯ ನೀರು ತಂದ. ಪಕ್ಕದ ಮಂಚದ ಬಾಣಂತಿಯ ಅತ್ತೆ, ನಮ್ಮ ಬೀಗರು ಎದುರು ಬೀದಿಯಲ್ಲಿದ್ದೂ ಇನ್ನೂ ಬಂದಿಲ್ಲ, ಅಪ್ಪ ಅಂದ್ರೆ ಇವರಪ್ಪ ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಹೆಂಡತಿ ತಂದು ಅವರ ತೊಡೆಯ ಮೇಲೆ ಇಟ್ಟಳು. ಗುಮಾಸ್ತರು ಅದನ್ನು ತಲೆಯಿಂದ ಕಾಲಿನವರೆಗೆ ಕಣ್ಣಿನಲ್ಲೇ ಅಳೆದರು, ಅಂಕಿಯನ್ನು ಎಲ್ಲಿಯೂ ಬರೆದುಕೊಳ್ಳಲಿಲ್ಲ.

ಆಗ ನಿರ್ದೇಶಕರ ಫೋನು ಬಂತು. ಗುಮಾಸ್ತರು ಮಗುವನ್ನು ಹೆಂಡತಿಗೆ ಕೊಟ್ಟು ಕಿಟಕಿಯ ಹತ್ತಿರ ಹೋದರು. ನಿರ್ದೇಶಕರು ಶುಭ ಹಾರೈಸಿ, ಎರಡು ಸುದ್ದಿಗಳಿವೆ ಎಂದರು. ಮೊದಲನೆಯದು, ಐನೂರು ಕಿಲೋಮೀಟರ್ ಮೀರಿದ ಪ್ರಯಾಣಕ್ಕೆ ನಿಯಮದಂತೆ ಹತ್ತು ದಿನದ ಪ್ರಯಾಣಾಯಾಸ ವಿಶ್ರಾಂತಿ ಮಂಜೂರಾಗಿದೆ, ಒಂದು ದಿನದ ರಜೆ ಮುಗಿಸಿ ಓಡಿ ಬರಬೇಕಾಗಿಲ್ಲ. ಎರಡನೆಯದು, ಮೇಲಿನ ಸಮಿತಿ ನಿಮ್ಮ ಅಭಿಪ್ರಾಯದ ಟಿಪ್ಪಣಿಯನ್ನು ಓದಿದೆ, ಒಪ್ಪುವ ಮನಸ್ಸೂ ಮಾಡಿದೆ. ಫೋನಿನಲ್ಲೇ ಒಂದು ಮಾತು ದೃಢಪಡಿಸಿದರೆ ಸಾಕು, ನಾಳೆಯಿಂದ ದೂರ ನೂರ ಇಪ್ಪತ್ತು, ಅವಧಿ ಇಪ್ಪತ್ತನಾಲ್ಕು ನಿಮಿಷ. ಆದರೆ ನೂರ ಇಪ್ಪತ್ತಕ್ಕೆ ಆಯಾಸವಿಲ್ಲವಾದ್ದರಿಂದ ಹತ್ತು ದಿನ ರದ್ದಾಗುತ್ತದೆ, ನಾಳೆ ಹತ್ತಕ್ಕೆ ಕಚೇರಿಯಲ್ಲಿರತಕ್ಕದ್ದು.

"ರಜೆಯಲ್ಲಿರುವವನ ಮಾತು ನಡೆಯುತ್ತಾ ಸಾರ್?" ಎಂದರು ಗುಮಾಸ್ತರು.

"ಸಹಿ ನಡೆಯಲ್ಲ, ಮಾತು ನಡೆಯುತ್ತೆ. ನಿಯಮ ನೋಡಿಯೇ ಫೋನ್ ಮಾಡಿದೀನಿ. ಹೇಳಿ, ದೂರ ಎಷ್ಟು ಬರ್ಕೊಳ್ಳಲಿ?"

ಗುಮಾಸ್ತರು ತಿರುಗಿ ನೋಡಿದರು. ಮಗಳು ಮಗುವಿನ ಮುಷ್ಟಿಯನ್ನು ಬಿಡಿಸಿ ಒಂದೊಂದೇ ಬೆರಳು ಎಣಿಸುತ್ತಿದ್ದಳು. ಎಣಿಕೆ ತಪ್ಪಿ, ನಕ್ಕು, ಮತ್ತೆ ಮೊದಲಿನಿಂದ ಶುರುಮಾಡಿದಳು. ನಾಳೆಯಿಂದ ಇನ್ಯಾರದೋ ಮಗಳ ಅಪ್ಪ ಇದೇ ವಿಮಾನ ಹತ್ತಬಹುದು, ಇದೇ ತಾರಸಿಯನ್ನು ಮೇಲಿಂದ ನೋಡಿಕೊಂಡು ಮುಂದೆ ಹೋಗಬಹುದು ಎಂಬುದು ಅವರಿಗೆ ಹೊಳೆಯದೆ ಇರಲಿಲ್ಲ. ಹೊಳೆಯಿತು. ಸ್ವಲ್ಪ ಹೊತ್ತು ಚುಚ್ಚಿತು ಕೂಡ.

"ಐನೂರ ನಲವತ್ತೇ ಇರಲಿ ಸಾರ್," ಎಂದರು. "ನಾನೇ ಇವತ್ತು ಬಂದು ನೋಡಿದೆ. ಸರಿಯಾಗಿದೆ."

ಫೋನು ಜೇಬಿಗೆ ಹಾಕಿ ಬಂದು ಕುರ್ಚಿಯಲ್ಲಿ ಕೂತರು. ಹೆಂಡತಿ ಮಗುವನ್ನು ಮತ್ತೆ ಅವರ ತೊಡೆಗೆ ದಾಟಿಸುತ್ತ ಯಾರದು ಎಂದು ಕೇಳಿದಳು.

"ಆಫೀಸಿನವರು. ಎಷ್ಟು ದೂರ ಅಂತ ಕೇಳ್ತಿದ್ರು."

"ಬಹಳ ದೂರ ಅಂತ ಹೇಳಬೇಕಿತ್ತು."

"ಅದನ್ನೇ ಹೇಳಿದೆ," ಎಂದರು ಗುಮಾಸ್ತರು.